350 ಡಿಗ್ರಿ ಎಂದರೆ ನಮ್ಮ ಓಟಿಜಿಯಲ್ಲಿ ಎಷ್ಟು? ಮನೆಯಲ್ಲಿ ಬೇಕ್ ಮಾಡುವವರಿಗೆ ಫ್ಯಾರನ್‌ಹೀಟ್–ಸೆಲ್ಸಿಯಸ್ ಲೆಕ್ಕ

ಅಮೆರಿಕದಿಂದ ಬಂದ ಕೇಕಿನ ಪಾಕವಿಧಾನದಲ್ಲಿ ‘ಓವನ್ ಅನ್ನು 350 ಡಿಗ್ರಿಗೆ ಕಾಯಿಸಿಟ್ಟುಕೊಳ್ಳಿ’ ಎಂದು ಬರೆದಿರುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿರುವ ಓಟಿಜಿಗಳ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಸಣ್ಣ ವಿದ್ಯುತ್ ಓವನ್‌ಗಳ) ಶಾಖದ ಗುಂಡಿಯಾದರೋ ಸಾಮಾನ್ಯವಾಗಿ 250ಕ್ಕೆ ಮುಗಿದುಹೋಗುತ್ತದೆ. ಮೊದಲ ಸಲ ಕೇಕ್ ಮಾಡುವವರು ಇಂಥ ಹೊತ್ತಿನಲ್ಲಿ ಸಿಗುವಷ್ಟಾದರೂ ಶಾಖ ಸಿಗಲಿ ಎಂದು ಗುಂಡಿಯನ್ನು ತುದಿಯವರೆಗೆ ತಿರುಗಿಸಿಬಿಡುವುದುಂಟು. ಆ ಪಾಕವಿಧಾನ ಕೇಳಿದ್ದು 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 177 ಡಿಗ್ರಿ ಸೆಲ್ಸಿಯಸ್. ಗುಂಡಿಯ ತುದಿಯಲ್ಲಿರುವ 250 ಡಿಗ್ರಿ ಸೆಲ್ಸಿಯಸ್ ಎಂದರೆ 482 ಡಿಗ್ರಿ ಫ್ಯಾರನ್‌ಹೀಟ್. ಇಷ್ಟು ಶಾಖದಲ್ಲಿ ಕೇಕಿನ ಮೇಲ್ಭಾಗ ಬೇಗನೆ ಕರಕಲಾಗುತ್ತದೆ, ನಡುವಿನ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ.

ತಪ್ಪು ಎದುರು ದಿಕ್ಕಿನಲ್ಲೂ ಆಗಬಹುದು. ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ತಾಯಿ ಊರಿನಲ್ಲಿ ಅಭ್ಯಾಸವಾದ 180ನ್ನೇ ಅಲ್ಲಿನ ಓವನ್‌ನಲ್ಲಿ ಒತ್ತಿದರೆ, ಆ ಯಂತ್ರ ಅದನ್ನು ಸಾಮಾನ್ಯವಾಗಿ ಒಪ್ಪಿಕೊಂಡುಬಿಡುತ್ತದೆ. ಆದರೆ 180 ಡಿಗ್ರಿ ಫ್ಯಾರನ್‌ಹೀಟ್ ಎಂದರೆ 82 ಡಿಗ್ರಿ ಸೆಲ್ಸಿಯಸ್ ಮಾತ್ರ, ನೀರು ಕುದಿಯುವಷ್ಟು ಶಾಖವೂ ಅಲ್ಲ. ಎಷ್ಟು ಹೊತ್ತು ಕಾದರೂ ಆ ಕೇಕ್ ಉಬ್ಬುವುದೂ ಇಲ್ಲ, ಹೊಂಬಣ್ಣಕ್ಕೆ ತಿರುಗುವುದೂ ಇಲ್ಲ. ಬೆಣ್ಣೆ, ಮೊಟ್ಟೆ, ಸಕ್ಕರೆಯ ಖರ್ಚಿನ ಜೊತೆಗೆ ಮಾಡಿದವರ ಉತ್ಸಾಹವೂ ಹಾಳಾಗುತ್ತದೆ. ಒಂದು ನಿಮಿಷದ ಲೆಕ್ಕದಿಂದ ತಪ್ಪಿಸಬಹುದಾದ ನಷ್ಟವಿದು ಎಂಬ ಕಾರಣಕ್ಕೆ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎರಡು ಅಳತೆಗಳು ನಮ್ಮ ಮನೆಗಳಿಗೆ ಹೊಸವೇನೂ ಅಲ್ಲ. ಬೇಸಿಗೆಯ ಬಿಸಿಲನ್ನು ಪತ್ರಿಕೆಯಲ್ಲಿ 38 ಡಿಗ್ರಿ ಎಂದು ಸೆಲ್ಸಿಯಸ್‌ನಲ್ಲಿ ಓದುತ್ತೇವೆ. ಮಗುವಿಗೆ ಮೈ ಬಿಸಿಯಾದಾಗ ‘ನೂರಾ ಎರಡಿದೆ’ ಎಂದು ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತೇವೆ. ಜ್ವರದ ಆ 102 ಸೆಲ್ಸಿಯಸ್‌ನಲ್ಲಿ ಸುಮಾರು 39. ಈ ಎರಡು ಸಂದರ್ಭಗಳಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ, ಏಕೆಂದರೆ ಯಾವ ಮಾತಿಗೆ ಯಾವ ಅಳತೆ ಎಂಬುದು ರೂಢಿಯಾಗಿದೆ. ಓವನ್‌ನ ವಿಷಯದಲ್ಲಿ ಮಾತ್ರ ಪಾಕವಿಧಾನ ಒಂದು ದೇಶದ್ದು, ಯಂತ್ರ ಇನ್ನೊಂದು ದೇಶದ ರೂಢಿಯದು ಆಗಿರುವುದರಿಂದ, ಬರೆದವರು ಯಾವ ಅಳತೆಯಲ್ಲಿ ಬರೆದಿದ್ದಾರೆ ಎಂಬುದನ್ನು ಮೊದಲು ಪತ್ತೆ ಮಾಡಬೇಕಾಗುತ್ತದೆ.

ಸಂಖ್ಯೆ 260ಕ್ಕಿಂತ ಹೆಚ್ಚಿದ್ದರೆ ಅದು ಫ್ಯಾರನ್‌ಹೀಟ್ ಎಂದೇ ತಿಳಿಯಬಹುದು. ಅಷ್ಟು ಸೆಲ್ಸಿಯಸ್ ಶಾಖವನ್ನು ಮನೆಯ ಬೇಕಿಂಗ್ ಬಹುಮಟ್ಟಿಗೆ ಕೇಳುವುದೇ ಇಲ್ಲ. 140ರಿಂದ 190ರವರೆಗಿನ ಸಂಖ್ಯೆ ಕೇಕ್, ಬಿಸ್ಕತ್ತುಗಳ ಪಾಕವಿಧಾನದಲ್ಲಿ ಬಂದರೆ ಅದು ಸೆಲ್ಸಿಯಸ್. ನಿಜವಾದ ತೊಡಕಿರುವುದು 200ರಿಂದ 250ರ ನಡುವೆ. ಉದಾಹರಣೆಗೆ, ಬರೀ ‘225’ ಎಂದಿದ್ದರೆ ಎರಡೂ ಅರ್ಥ ಸಾಧ್ಯ. ಆಗ ಏನನ್ನು, ಎಷ್ಟು ಹೊತ್ತು ಬೇಯಿಸಲು ಹೇಳಿದ್ದಾರೆ ಎಂಬುದನ್ನು ನೋಡಬೇಕು. ಬ್ರೆಡ್ಡನ್ನು 225ರಲ್ಲಿ ಅರ್ಧ ಗಂಟೆ ಇಡಿ ಎಂದಿದ್ದರೆ ಅದು ಸೆಲ್ಸಿಯಸ್. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಅಗ್ಗವಾದ ಕಾಲದಲ್ಲಿ ತಂದು, ಹೋಳು ಮಾಡಿ, ಉಪ್ಪು ಸವರಿ, 225ರಲ್ಲಿ ಗಂಟೆಗಟ್ಟಲೆ ಒಣಗಿಸಿ ಎಂದಿದ್ದರೆ ಅದು ಫ್ಯಾರನ್‌ಹೀಟ್, ಅಂದರೆ 107 ಡಿಗ್ರಿ ಸೆಲ್ಸಿಯಸ್. ಅದೇ ಟೊಮೆಟೊವನ್ನು 225 ಸೆಲ್ಸಿಯಸ್‌ನಲ್ಲಿ ಅಷ್ಟು ಹೊತ್ತು ಬಿಟ್ಟರೆ ತಟ್ಟೆಯಲ್ಲಿ ಇದ್ದಿಲು ಮಾತ್ರ ಸಿಗುತ್ತದೆ. ಕಡಿಮೆ ಶಾಖ ಬಹಳ ಹೊತ್ತನ್ನು ಬೇಡುತ್ತದೆ, ಹೆಚ್ಚು ಶಾಖಕ್ಕೆ ಸ್ವಲ್ಪ ಹೊತ್ತು ಸಾಕು. ಈ ಜೋಡಿ ಹೊಂದುತ್ತಿದೆಯೇ ಎಂದು ನೋಡಿದರೆ ಅಳತೆ ಯಾವುದೆಂಬುದು ತಾನಾಗಿ ಗೊತ್ತಾಗುತ್ತದೆ. ಮೈದಾವನ್ನು ಕಪ್ಪಿನಲ್ಲಿ, ಬೆಣ್ಣೆಯನ್ನು ಸ್ಟಿಕ್ (ಅಲ್ಲಿ ಮಾರುವ ಉದ್ದನೆಯ ತುಂಡು) ಲೆಕ್ಕದಲ್ಲಿ ಹೇಳಿದ್ದರೆ ಅದು ಅಮೆರಿಕದ ಬರಹ, ಎಲ್ಲವನ್ನೂ ಗ್ರಾಮಿನಲ್ಲಿ ಹೇಳಿದ್ದರೆ ಬಹುತೇಕ ಯುರೋಪು ಅಥವಾ ಭಾರತದ ಬರಹ ಎಂಬುದೂ ಒಳ್ಳೆಯ ಸುಳಿವು.

ಇನ್ನು ಸೂತ್ರಕ್ಕೆ ಬರೋಣ. ಫ್ಯಾರನ್‌ಹೀಟ್ ಎಂಬ ಭೌತವಿಜ್ಞಾನಿ ತನ್ನ ಅಳತೆಯನ್ನು ಪ್ರಕಟಿಸಿದ್ದು 1724ರಲ್ಲಿ. ಸ್ವೀಡನ್ನಿನ ಖಗೋಳ ವಿಜ್ಞಾನಿ ಆ್ಯಂಡರ್ಸ್ ಸೆಲ್ಸಿಯಸ್ ನೂರು ಭಾಗಗಳ ಅಳತೆಯನ್ನು ಮುಂದಿಟ್ಟಿದ್ದು 1742ರಲ್ಲಿ. ಸಮುದ್ರಮಟ್ಟದಲ್ಲಿ ಮಂಜುಗಡ್ಡೆ ಕರಗುವ ಹಂತ ಫ್ಯಾರನ್‌ಹೀಟ್‌ನಲ್ಲಿ 32, ಸೆಲ್ಸಿಯಸ್‌ನಲ್ಲಿ 0. ನೀರು ಕುದಿಯುವ ಹಂತ ಮೊದಲನೆಯದರಲ್ಲಿ 212, ಎರಡನೆಯದರಲ್ಲಿ 100. ಎಂದರೆ ಫ್ಯಾರನ್‌ಹೀಟ್‌ನ 180 ಹೆಜ್ಜೆಗಳು ಸೆಲ್ಸಿಯಸ್‌ನ 100 ಹೆಜ್ಜೆಗಳಿಗೆ ಸಮ; ಇದನ್ನು ಕಿರಿದಾಗಿಸಿದರೆ 9ಕ್ಕೆ 5. ಇಷ್ಟು ನೆನಪಿದ್ದರೆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಫ್ಯಾರನ್‌ಹೀಟ್‌ನಿಂದ ಬರುವಾಗ ಮೊದಲು 32 ಕಳೆದು, ಉಳಿದದ್ದನ್ನು 5ರಿಂದ ಗುಣಿಸಿ 9ರಿಂದ ಭಾಗಿಸಬೇಕು. ಸೆಲ್ಸಿಯಸ್‌ನಿಂದ ಹೋಗುವಾಗ 9ರಿಂದ ಗುಣಿಸಿ 5ರಿಂದ ಭಾಗಿಸಿ, ಕೊನೆಯಲ್ಲಿ 32 ಕೂಡಿಸಬೇಕು. 350ರಲ್ಲಿ 32 ಕಳೆದರೆ 318. ಅದನ್ನು 5ರಿಂದ ಗುಣಿಸಿದರೆ 1590. 9ರಿಂದ ಭಾಗಿಸಿದರೆ 176.7. ಲೆಕ್ಕದಲ್ಲಿ ಹೆಚ್ಚಾಗಿ ತಪ್ಪುವುದು 32 ಕಳೆಯುವ ಸರದಿ. ಅದನ್ನು ಕೊನೆಗೆ ಕಳೆದರೆ 350ಕ್ಕೆ 162 ಎಂಬ ಉತ್ತರ ಬರುತ್ತದೆ. ನೋಡಲು ಸರಿಯಾದ ಸಂಖ್ಯೆಯಂತೆಯೇ ಕಾಣುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಕೇಕ್ ಮಾತ್ರ ನಡುವೆ ಕುಸಿಯುತ್ತದೆ.

ಕೈಗೆ ಹಿಟ್ಟು ಮೆತ್ತಿಕೊಂಡಿರುವಾಗ ಮೊಬೈಲ್ ಮುಟ್ಟದೆ ಮನಸ್ಸಿನಲ್ಲೇ ಮಾಡಬಹುದಾದ ಲೆಕ್ಕವೂ ಒಂದಿದೆ, ಮತ್ತು ನನ್ನ ಮಟ್ಟಿಗೆ ಅಡುಗೆಮನೆಗೆ ಅದೇ ಹೆಚ್ಚು ಉಪಯುಕ್ತ. 320 ಡಿಗ್ರಿ ಫ್ಯಾರನ್‌ಹೀಟ್ ಸರಿಯಾಗಿ 160 ಡಿಗ್ರಿ ಸೆಲ್ಸಿಯಸ್. ಅಂದರೆ ನಿಖರವಾಗಿ ಅರ್ಧ. ಬೇಕಿಂಗಿನ ಹೆಚ್ಚಿನ ಕೆಲಸ ಈ ಸಂಖ್ಯೆಯ ಅಕ್ಕಪಕ್ಕದಲ್ಲೇ ನಡೆಯುವುದರಿಂದ, ಫ್ಯಾರನ್‌ಹೀಟ್ ಸಂಖ್ಯೆಯನ್ನು ಅರ್ಧ ಮಾಡಿದರೆ ಉತ್ತರದ ಬಳಿಗೇ ಬಂದಿರುತ್ತೇವೆ. 350ರ ಅರ್ಧ 175, ನಿಜವಾದ ಬೆಲೆ 177. 300ರ ಅರ್ಧ 150, ನಿಜವಾದ ಬೆಲೆ 149. ಆದರೆ 320ರಿಂದ ದೂರ ಹೋದಷ್ಟೂ ಈ ಅರ್ಧದ ಲೆಕ್ಕ ಜಾರುತ್ತಾ ಹೋಗುತ್ತದೆ: 320ರ ಮೇಲಿನ ಪ್ರತಿ 18 ಡಿಗ್ರಿಗೆ ಉತ್ತರ 1 ಡಿಗ್ರಿ ಕಡಿಮೆ ಬರುತ್ತದೆ, 320ರ ಕೆಳಗೆ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಬರುತ್ತದೆ. 450 ಎಂಬುದು 320ಕ್ಕಿಂತ 130 ಹೆಚ್ಚು; 130ರಲ್ಲಿ 18 ಏಳು ಬಾರಿ ಹೋಗುತ್ತದೆ; ಆದ್ದರಿಂದ ಅರ್ಧವಾದ 225ಕ್ಕೆ 7 ಸೇರಿಸಿದರೆ 232, ಅದೇ ಸರಿಯಾದ ಉತ್ತರ. ಕೇಕ್, ಬಿಸ್ಕತ್ತುಗಳಿಗೆ ಬರೀ ಅರ್ಧ ಸಾಕು; ಬ್ರೆಡ್, ಪಿಜ್ಜಾಗಳಿಗೆ ಈ ತಿದ್ದುಪಡಿ ಬೇಕು.

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ಹೋಗುವುದು ಇನ್ನೂ ಸುಲಭ, ಮತ್ತು ಇಲ್ಲಿ ಉತ್ತರ ಅಂದಾಜಿನದಲ್ಲ, ನಿಖರವಾದದ್ದು. ಸಂಖ್ಯೆಯನ್ನು ಎರಡರಷ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆದು, 32 ಕೂಡಿಸಿ. 180 ಎರಡರಷ್ಟಾದರೆ 360. ಅದರಲ್ಲಿ 36 ಹೋದರೆ 324. 32 ಕೂಡಿದರೆ 356.

ಪದೇಪದೇ ಬೇಕಾಗುವ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಓವನ್ ಪಕ್ಕದ ಗೋಡೆಗೆ ಅಂಟಿಸಿಟ್ಟುಕೊಳ್ಳುವುದು ಒಳ್ಳೆಯದು. ಮೊದಲು ಫ್ಯಾರನ್‌ಹೀಟ್, ನಂತರ ಸೆಲ್ಸಿಯಸ್ ಬೆಲೆ, ಕೊನೆಯಲ್ಲಿ ಗುಂಡಿಯನ್ನು ನಿಲ್ಲಿಸಬೇಕಾದ ಜಾಗ:

225 – 107 – 105 ಅಥವಾ 110
250 – 121 – 120
275 – 135 – 135
300 – 149 – 150
325 – 163 – 160 ಅಥವಾ 165
350 – 177 – 175 ಅಥವಾ 180
375 – 191 – 190
400 – 204 – 200 ಅಥವಾ 205
425 – 218 – 220
450 – 232 – 230
475 – 246 – 245
500 – 260 – 260 (ಗುಂಡಿಯಲ್ಲಿ ಅಷ್ಟಿದ್ದರೆ)

ಕೆಲವು ಸಾಲುಗಳಲ್ಲಿ ಎರಡು ಉತ್ತರಗಳಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. 350ನ್ನು ಒಬ್ಬರು 175 ಎಂದೂ ಮತ್ತೊಬ್ಬರು 180 ಎಂದೂ ಬರೆಯುವುದು ಹತ್ತಿರದ ಐದಕ್ಕೋ ಹತ್ತಕ್ಕೋ ಸರಿಹೊಂದಿಸುವ ರೂಢಿಯಿಂದ, ಇಬ್ಬರೂ ಸರಿ. ಓಟಿಜಿಯ ಗುಂಡಿಯನ್ನೇ ಹತ್ತಿರದಿಂದ ನೋಡಿ: ಹಲವು ಮಾದರಿಗಳಲ್ಲಿ 100, 150, 200, 250 ಎಂದಷ್ಟೇ ಅಚ್ಚಾಗಿರುತ್ತದೆ, 150ಕ್ಕೂ 200ಕ್ಕೂ ನಡುವೆ ಹೆಬ್ಬೆರಳು ಹಿಡಿಯುವಷ್ಟು ಜಾಗ, ಅದರ ಮೇಲೆ ಓಡಾಡುವ ಬಿಳಿಯ ಗೆರೆಯೇ ಎರಡು ಮೂರು ಡಿಗ್ರಿಯಷ್ಟು ದಪ್ಪ. ಅಂಥ ಗುಂಡಿಯ ಮೇಲೆ 176.7 ಎಂಬ ಸಂಖ್ಯೆಯನ್ನು ಹುಡುಕುವುದರಲ್ಲಿ ಅರ್ಥವಿಲ್ಲ. ಯಾವ ಕಡೆಗೆ ಸರಿಸಬೇಕು ಎಂಬುದನ್ನು ಮಾತ್ರ ತಿನಿಸನ್ನು ನೋಡಿ ತೀರ್ಮಾನಿಸಿ. ಸಕ್ಕರೆ ಹೆಚ್ಚಿರುವ, ತೆಳ್ಳಗಿರುವ, ಬೇಗ ಕೆಂಪಾಗುವ ತಿನಿಸಿಗೆ ಕೆಳಗಿನ ಸಂಖ್ಯೆ ಒಳ್ಳೆಯದು. ತಿಪಟೂರಿನ ಒಣಕೊಬ್ಬರಿಯ ತುರಿ ಹಾಕಿ ಮಾಡುವ ಬಿಸ್ಕತ್ತಿಗೆ 325 ಎಂದಿದ್ದರೆ ನಾನು 160ನ್ನೇ ಆರಿಸುತ್ತೇನೆ, ಏಕೆಂದರೆ ಬಿಸ್ಕತ್ತು ಬೇಯುವ ಮೊದಲೇ ಮೇಲೆದ್ದ ಕೊಬ್ಬರಿಯ ಎಳೆಗಳು ಸೀಯುತ್ತವೆ. ಚೆನ್ನಾಗಿ ಉಬ್ಬಬೇಕಾದ ಸಣ್ಣ ಕಪ್ ಕೇಕುಗಳಿಗೆ ಮೇಲಿನ ಸಂಖ್ಯೆ ನಡೆಯುತ್ತದೆ.

ಈ ಭಾಗದವರಿಗೆ ಪ್ರಿಯವಾದ ರಾಗಿ ಬಿಸ್ಕತ್ತಿನ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಮೈದಾ ಬಿಸ್ಕತ್ತಿನಲ್ಲಿ ಅಂಚು ಹೊಂಬಣ್ಣಕ್ಕೆ ತಿರುಗಿದ್ದನ್ನು ನೋಡಿ ಹೊರತೆಗೆಯಬಹುದು. ಶಾಖದ ಲೆಕ್ಕ ಕೊಂಚ ಆಚೀಚೆಯಾಗಿದ್ದರೂ ಕಣ್ಣು ಕಾಪಾಡುತ್ತದೆ. ರಾಗಿ ಹಿಟ್ಟು ಹಸಿಯಿರುವಾಗಲೇ ಕಂದು ಬಣ್ಣದ್ದಾದ್ದರಿಂದ ಆ ಸೂಚನೆ ಇಲ್ಲಿ ಸಿಗುವುದಿಲ್ಲ. ಬೆಂದದ್ದಕ್ಕೂ ಸೀದದ್ದಕ್ಕೂ ಇರುವ ಬಣ್ಣದ ವ್ಯತ್ಯಾಸ ಓವನ್‌ನ ಮಂದ ಬೆಳಕಿನಲ್ಲಿ ಕಾಣುವುದೇ ಇಲ್ಲ. ಹಾಗಾಗಿ ರಾಗಿಯ ತಿನಿಸುಗಳಲ್ಲಿ ಉಷ್ಣಾಂಶವನ್ನೂ ಸಮಯವನ್ನೂ ನಂಬಿಯೇ ನಡೆಯಬೇಕಾಗುತ್ತದೆ, ಪರಿವರ್ತನೆಯ ಲೆಕ್ಕವೂ ಅಷ್ಟೇ ಎಚ್ಚರದಿಂದಿರಬೇಕಾಗುತ್ತದೆ. ಅಂಚನ್ನು ಮೆಲ್ಲಗೆ ಒತ್ತಿ ಗಟ್ಟಿಯಾಗಿದೆಯೇ ಎಂದು ನೋಡುವುದು ಮತ್ತು ಹುರಿದ ರಾಗಿಯ ವಾಸನೆ ಬರುತ್ತಿದ್ದಂತೆ ತಟ್ಟೆ ತೆಗೆಯುವುದು ಇದಕ್ಕೆ ನೆರವಾಗುವ ಎರಡು ಗುರುತುಗಳು.

ಪರಿವರ್ತನೆಯಲ್ಲಿ ಬಲ್ಲವರೂ ಎಡವುವ ಜಾಗ ಒಂದಿದೆ. ‘ಫ್ಯಾನ್ ಇರುವ ಓವನ್ ಆದರೆ 25 ಡಿಗ್ರಿ ಕಡಿಮೆ ಇಡಿ’ ಎಂದು ಅಮೆರಿಕದ ಪಾಕವಿಧಾನಗಳಲ್ಲಿ ಬರೆದಿರುತ್ತದೆ. ಈ 25 ಒಂದು ಉಷ್ಣಾಂಶವಲ್ಲ, ಎರಡು ಉಷ್ಣಾಂಶಗಳ ನಡುವಿನ ಅಂತರ. ಇದನ್ನು ಸೂತ್ರಕ್ಕೆ ಹಾಕಿ 32 ಕಳೆದರೆ ಸೊನ್ನೆಗಿಂತ 4 ಡಿಗ್ರಿ ಕೆಳಗಿನ ಉತ್ತರ ಬರುತ್ತದೆ, ಅದಕ್ಕೆ ಯಾವ ಅರ್ಥವೂ ಇಲ್ಲ. ಅಂತರವನ್ನು ಬದಲಿಸುವಾಗ 32ನ್ನು ಪೂರ್ತಿಯಾಗಿ ಬಿಟ್ಟು, 5ರಿಂದ ಗುಣಿಸಿ 9ರಿಂದ ಭಾಗಿಸುವುದನ್ನು ಮಾತ್ರ ಮಾಡಬೇಕು: 25 ಫ್ಯಾರನ್‌ಹೀಟ್ ಅಂತರ ಸುಮಾರು 14 ಸೆಲ್ಸಿಯಸ್ ಅಂತರ. ಬ್ರಿಟನ್ನಿನ ಪಾಕವಿಧಾನಗಳು ಇದೇ ಸಂದರ್ಭಕ್ಕೆ 20 ಸೆಲ್ಸಿಯಸ್ ಕಡಿಮೆ ಮಾಡಲು ಹೇಳುತ್ತವೆ. ಮನೆಯ ಯಂತ್ರಕ್ಕೆ 15ರಿಂದ 20ರ ನಡುವೆ ಇಳಿಸಿ ನೋಡಿದರೆ ಸಾಕು. ಮೈಕ್ರೋವೇವ್‌ನ ಕನ್ವೆಕ್ಷನ್ ವಿಧಾನದಲ್ಲೂ ಫ್ಯಾನ್ ತಿರುಗುವುದರಿಂದ ಈ ಮಾತು ಅಲ್ಲಿಗೂ ಅನ್ವಯಿಸುತ್ತದೆ. ಆದರೆ ಹಲವು ಮಾದರಿಗಳು 200 ಅಥವಾ 220ಕ್ಕೆ ನಿಲ್ಲುವುದರಿಂದ, 450 ಫ್ಯಾರನ್‌ಹೀಟ್ ಕೇಳುವ ಬ್ರೆಡ್ಡನ್ನು ಅವುಗಳಲ್ಲಿ ಮಾಡಲು ಹೊರಡುವ ಮೊದಲು ನಿಮ್ಮ ಯಂತ್ರದ ಮಿತಿಯನ್ನು ನೋಡಿಕೊಳ್ಳಿ.

ಬ್ರಿಟನ್ನಿನ ಹಳೆಯ ಪಾಕವಿಧಾನಗಳಲ್ಲಿ ಡಿಗ್ರಿಯ ಬದಲು ಗ್ಯಾಸ್ ಮಾರ್ಕ್ (ಗ್ಯಾಸ್ ಓವನ್‌ನ ಗುಂಡಿಯ ಮೇಲಿನ ಅಂಕಿ) ಎಂದಿರುತ್ತದೆ. ಮಾರ್ಕ್ 1 ಎಂದರೆ 275 ಫ್ಯಾರನ್‌ಹೀಟ್. ಮುಂದಿನ ಪ್ರತಿ ಮಾರ್ಕಿಗೆ 25 ಕೂಡಿಸುತ್ತಾ ಹೋಗಿ. ಮಾರ್ಕ್ 4ಕ್ಕೆ 350 ಬರುತ್ತದೆ, ಅಲ್ಲಿಂದ ಮುಂದೆ ಮೇಲಿನ ಚೀಟಿಯೇ ಸಾಕು.

ಇಷ್ಟೆಲ್ಲ ಲೆಕ್ಕ ಸರಿಯಿದ್ದೂ ಕೇಕ್ ಕೆಡುತ್ತಿದ್ದರೆ ದೋಷವಿರುವುದು ಹೆಚ್ಚಾಗಿ ಗುಂಡಿಯಲ್ಲಿ. ಮನೆಯ ಸಣ್ಣ ಓಟಿಜಿಗಳಲ್ಲಿ ಗುಂಡಿ ಹೇಳುವ ಉಷ್ಣಾಂಶಕ್ಕೂ ಒಳಗಿನ ಉಷ್ಣಾಂಶಕ್ಕೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸವಿರುವುದು ಅಪರೂಪವಲ್ಲ. 175 ಇಡಬೇಕೋ 180 ಇಡಬೇಕೋ ಎಂಬ ಚರ್ಚೆಗಿಂತ ಇದು ಎಷ್ಟೋ ದೊಡ್ಡದು. ಓವನ್ ಒಳಗೆ ಇಡುವ ಥರ್ಮಾಮೀಟರ್ ಒಂದನ್ನು ಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಎರಡೂ ಅಳತೆಗಳನ್ನು ಅಚ್ಚು ಹಾಕಿರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಕೇಕಿನ ಟಿನ್ ಇಡುವ ಜಾಗದಲ್ಲಿಯೇ, ಕಾಯಿಸುವ ರಾಡ್‌ಗಳಿಗೆ ತಾಗದಂತೆ ಇಟ್ಟು, ಗುಂಡಿಯನ್ನು 150ಕ್ಕೆ ತಿರುಗಿಸಿ ಇಪ್ಪತ್ತು ನಿಮಿಷ ಬಿಡಿ. ಬಾಗಿಲು ತೆಗೆದರೆ ಶಾಖ ಹೊರಗೆ ಹೋಗಿಬಿಡುವುದರಿಂದ ಗಾಜಿನ ಮೂಲಕವೇ ಓದಿ. ರಾಡ್‌ಗಳು ಕೆಂಪಾಗುವುದು, ಆರುವುದು, ಮತ್ತೆ ಕೆಂಪಾಗುವುದು ನಡೆದೇ ಇರುತ್ತದೆ, ಅದರ ಜೊತೆಗೆ ಮುಳ್ಳು ಏರಿಳಿಯುತ್ತದೆ. ಕೆಲವು ಸುತ್ತು ಗಮನಿಸಿ ನಡುವಿನ ಬೆಲೆಯನ್ನು ಬರೆದುಕೊಳ್ಳಬೇಕು. ಇದನ್ನೇ 180ಕ್ಕೂ 200ಕ್ಕೂ ಮಾಡಿ, ಏಕೆಂದರೆ ವ್ಯತ್ಯಾಸ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಗುಂಡಿ 180ರಲ್ಲಿದ್ದಾಗ ಒಳಗೆ 195 ಇದ್ದರೆ, 180 ಬೇಕಾದಾಗ ಗುಂಡಿಯನ್ನು 165ರ ಬಳಿ ನಿಲ್ಲಿಸಬೇಕಾಗುತ್ತದೆ.

ಹಳ್ಳಿಗಳ ಕಡೆ ಸಂಜೆ ವೋಲ್ಟೇಜ್ ಇಳಿದಾಗ ಓವನ್ ಕಾಯುವುದೇ ಇಲ್ಲ ಎಂಬ ಮಾತನ್ನು ಕೇಳುತ್ತಿರುತ್ತೇವೆ. 230 ಇರಬೇಕಾದ ವೋಲ್ಟೇಜ್ 190ಕ್ಕೆ ಇಳಿದರೆ ರಾಡ್‌ನ ಶಕ್ತಿ ಸುಮಾರು ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಹಾಗೆಂದು ಗುಂಡಿಯನ್ನು ಮೇಲಕ್ಕೇರಿಸಬಾರದು. ಮುಟ್ಟಬೇಕಾದ ಉಷ್ಣಾಂಶ ಅದೇ, ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ. ಹತ್ತು ನಿಮಿಷದ ಬದಲು ಇಪ್ಪತ್ತು ನಿಮಿಷ ಕಾಯಿಸಿ, ಥರ್ಮಾಮೀಟರ್ ನೋಡಿದ ಮೇಲೆಯೇ ಟಿನ್ ಒಳಗಿಡಿ.

ಬ್ರೆಡ್ಡಿನ ಅಥವಾ ಕೇಕಿನ ನಡುವೆ ಚುಚ್ಚಿ ನೋಡುವ ಕಡ್ಡಿ ಥರ್ಮಾಮೀಟರ್ ಇಟ್ಟುಕೊಂಡಿರುವವರು ನಮ್ಮ ಊರುಗಳ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದನ್ನು ಪರೀಕ್ಷಿಸಲು ಕುದಿಯುವ ನೀರಿನಲ್ಲಿ ಅದ್ದಿ 100 ಅಥವಾ 212 ತೋರಿಸುತ್ತದೆಯೇ ನೋಡಿ ಎಂದು ಎಲ್ಲೆಡೆ ಬರೆದಿರುತ್ತದೆ. ಅದು ಸಮುದ್ರಮಟ್ಟದ ಮಾತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅಂದರೆ ಸುಮಾರು 207 ಫ್ಯಾರನ್‌ಹೀಟ್‌ನಲ್ಲಿ ಕುದಿಯುತ್ತದೆ. 97 ತೋರಿಸಿದ ಕಡ್ಡಿಯನ್ನು ಕೆಟ್ಟಿದೆ ಎಂದು ಹಿಂದಿರುಗಿಸಬೇಡಿ, ಅದು ಸರಿಯಾಗಿಯೇ ಇದೆ. ಅನುಮಾನ ಉಳಿದರೆ ಲೋಟದ ತುಂಬ ಪುಡಿ ಮಾಡಿದ ಐಸ್‌ಗೆ ಸ್ವಲ್ಪ ನೀರು ಸೇರಿಸಿ, ಕಲಕಿ, ಅದರಲ್ಲಿ ಅದ್ದಿ. ಅಲ್ಲಿ 0 ಅಥವಾ 32 ಬರಬೇಕು, ಎತ್ತರದಿಂದ ಅದು ಬದಲಾಗುವುದಿಲ್ಲ. ‘ನಡುವೆ 200 ಡಿಗ್ರಿ ಆದಾಗ ಬ್ರೆಡ್ ಬೆಂದಿದೆ’ ಎಂಬ ಅಮೆರಿಕದ ಮಾತಿಗೆ ನಮ್ಮ ಉತ್ತರ 93 ಡಿಗ್ರಿ ಸೆಲ್ಸಿಯಸ್. ಇಲ್ಲಿ ಅದು ಕುದಿಬಿಂದುವಿಗೆ ಹತ್ತಿರವಿರುವುದರಿಂದ, ಅದಕ್ಕಿಂತ ಮೇಲೇರಲಿ ಎಂದು ಕಾಯುತ್ತಾ ಕುಳಿತರೆ ಬ್ರೆಡ್ ಒಣಗುತ್ತದೆ.

ಲೆಕ್ಕ ಮಾಡಿದ ಮೇಲೆ ಅದನ್ನು ಅಡುಗೆಯ ಪುಸ್ತಕದಲ್ಲಿ ಪೂರ್ತಿಯಾಗಿ ಬರೆದಿಡಿ. ಬರೀ ‘160’ ಎಂದು ಬರೆದರೆ ಆರು ತಿಂಗಳ ನಂತರ ಅದು ಮೂಲದ ಸಂಖ್ಯೆಯೋ, ಪರಿವರ್ತಿಸಿದ್ದೋ, ಗುಂಡಿಯ ದೋಷವನ್ನು ಕಳೆದು ಬಂದದ್ದೋ ನೆನಪಿರುವುದಿಲ್ಲ. ‘ರಾಗಿ ಬಿಸ್ಕತ್ತು: ಮೂಲದಲ್ಲಿ 325 ಫ್ಯಾ, ಒಳಗೆ 163 ಸೆ, ನಮ್ಮ ಗುಂಡಿ 150, ನಡುವಿನ ತಟ್ಟೆ, ಎರಡೂ ರಾಡ್, ಫ್ಯಾನ್ ಇಲ್ಲ’ ಎಂಬಂತೆ ಒಂದು ಸಾಲು ಸಾಕು. ಮುಂದೆ ಓವನ್ ಬದಲಾದರೆ ಗುಂಡಿಯ ಸಂಖ್ಯೆಯೊಂದನ್ನು ಹೊಡೆದುಹಾಕಿ, ಹೊಸ ಯಂತ್ರವನ್ನು ಥರ್ಮಾಮೀಟರ್ ಇಟ್ಟು ಪರೀಕ್ಷಿಸಿ, ಅದರ ಸಂಖ್ಯೆಯನ್ನು ಪಕ್ಕದಲ್ಲಿ ಬರೆದರಾಯಿತು.